ಟಾಕಿಯವನ ಮನೆಯ ಕೊಡ

ಹುಲ್ಲಪ್ಪ ಊರಿನ ನೀರಿನ ಟಾಕಿಗೆ ಬ್ಲೀಚಿಂಗ್ ಪೌಡರ್ ಸುರಿದನೆಂದರೆ ಮೇಲೆ ಹಾರಿಹೋಗುವ ಕಾಗೆ ಕೊಕ್ಕರೆಯಾಗಿ ಕೆಳಗಿಳಿಯುತ್ತಿತ್ತು! ಆ ನೀರು ಕುಡಿದ ಮುದುಕರಿಗೆ ಹೊಸ ಹಲ್ಲು ಮೊಳೆಯುತ್ತಿದ್ದವು. ಹುನಗುಂದದ ಬಸ್ಸು ಊರಿನ ತಿರುವಿಗೆ ಬರುವ ಮೊದಲೇ ವಾಸನೆ ಬಡಿದು ಡ್ರೈವರನ ನೆಗಡಿ ಬಿಟ್ಟುಹೋಗುತ್ತಿತ್ತು. ಇದನ್ನೆಲ್ಲ ಹೇಳುತ್ತಿದ್ದವನು ಹುಲ್ಲಪ್ಪನೇ. ಟಾಕಿಯ ಕೀಲಿ ಅವನ ಉಡಿದಾರದಲ್ಲಿತ್ತು, ಹಾಗಾಗಿ ಯಾರೂ ಎದುರಾಡುತ್ತಿರಲಿಲ್ಲ.

ಅದು ೧೯೮೪ರ ಮಳೆಗಾಲ. ಟಾಕಿಗೆ ನೀರು ಬರುತ್ತಿದ್ದುದು ಊರ ಹೊಂಡದಿಂದ. ದಂಡೆಯ ಬೇವು, ಜಾಲಿಗಳ ಎಲೆ ಅದರಲ್ಲೇ ಕೊಳೆಯುತ್ತಿತ್ತು. ನೇಕಾರರು ನೂಲಿಗೆ ಗಂಜಿ ಹಚ್ಚಿದ ಮಡಕೆಗಳನ್ನೂ ಅಲ್ಲೇ ತೊಳೆಯುತ್ತಿದ್ದರು. ನೀರು ಚಹಾದ ಬಣ್ಣಕ್ಕೆ ತಿರುಗಿದಷ್ಟೂ ಹುಲ್ಲಪ್ಪ ಪೌಡರ್ ಹೆಚ್ಚಿಸುತ್ತಿದ್ದ.

ದವಾಖಾನೆಯ ನರ್ಸ್ ಗುಲಾಬಬಿ ಒಮ್ಮೆ ತಡೆದಳು.

“ಹುಲ್ಲಪ್ಪಣ್ಣಾ, ಮೊದಲ ಹೊಲಸು ತಗೀರಿ, ಆಮ್ಯಾಲ ಪೌಡರ ಹಾಕ್ರಿ.”

“ಹೊಲಸಿಗೇ ಅಲ್ಲೇನ ತಂಗಿ, ಪೌಡರ ಹಾಕೂದು?”

“ಎಲಿ ಕೊಳತ ರಸ ನೀರಾಗ ಕರಗಿರತೈತ್ರಿ. ಪೌಡರ ಅದರ ಕೂಡ ಬಡದಾಡಿ ಸೋತಹೋಗತೈತಿ, ರೋಗದ ಹುಳಾ ಹಂಗ ಉಳೀತಾವು. ಮ್ಯಾಲ, ಎರಡೂ ಕೂಡಿ ಬ್ಯಾರೆ ಕೆಟ್ಟ ರಸಾಯನ ಹುಟ್ಟತಾವು. ಇವತ್ತ ಏನೂ ಗೊತ್ತಾಗಂಗಿಲ್ಲ. ವರ್ಷಾನಗಟ್ಟಲೆ ಕುಡದ್ರ ಮೈಗೆ ಕೇಡ ಆದೀತು ಅಂತ ತಿಳದಾವರು ಈಗೀಗ ಹೇಳಾಕತ್ತಾರ.”

“ಹಂಗಾರ ಪೌಡರ ಬ್ಯಾಡೇನು?”

“ಬೇಕ್ರಿ! ಅದನ್ನ ಬಿಟ್ರ ವಾಂತಿ-ಭೇದಿ ಎಂಟ ದಿನದಾಗ ಮನಿ ಮನಿ ಹೊಗತೈತಿ. ಪಟಿಕ ಹಾಕಿ, ಹೊಲಸು ತಳಕ್ಕ ಕುಂತ ಮ್ಯಾಲ, ತಿಳಿನೀರ ಉಸುಕಿನಾಗ ಸೋಸ್ರಿ. ಆಮ್ಯಾಲ ಅಳತಿ ಪೌಡರ ಸಾಕು.”

“ನನ್ನ ಪೌಡರ ವಾಸನಿಗೆ ಯಮನೂ ಮೂಗ ಮುಚ್ಚಿಕೊಂಡು ಓಡತಾನ, ಹೋಗ ತಂಗಿ!” ಎಂದು ಹುಲ್ಲಪ್ಪ ನಕ್ಕುಬಿಟ್ಟ.

ಯಮ ಓಡಲಿಲ್ಲ. ಹದಿನೈದು ದಿನಕ್ಕೆ ಹುಲ್ಲಪ್ಪನ ಮೊಮ್ಮಗಳು, ನಾಲ್ಕು ವರ್ಷದ ಗುರುಲಿಂಗವ್ವ, ವಾಂತಿ-ಭೇದಿ ಹತ್ತಿ ಬಾಗಲಕೋಟೆಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡಳು.

ಮೂರನೆಯ ದಿನ ಜನ ಟಾಕಿಯ ಮುಂದೆ ಸೇರಿದರು.

“ಪೌಡರ ನೀರ ಕೂಸಿನ್ನ ತಿಂತು,” ಎಂದು ನೇಕಾರ ಅಮಾತೆಪ್ಪ ಹಾರೆ ಎತ್ತಿದ. “ಒಡೀರಿ ಟಾಕಿ! ನಾಳಿಂದ ಎಲ್ಲಾರೂ ಹಳ್ಳದ ಒರತಿ ನೀರ ಕುಡಿಯೋಣು.”

ಗುಲಾಬಬಿ ಹಾರೆಗೆ ಅಡ್ಡ ಬಂದಳು. “ತಡೀರಿ. ಹುಲ್ಲಪ್ಪಣ್ಣಾ, ಕೂಸಿಗೆ ಉಪ್ಪು-ಸಕ್ಕರಿ ನೀರ ಮಾಡಾಕ ನಿಮ್ಮ ಮನಿ ಕೊಡ ಬಗ್ಗಿಸಿದ್ದೆ. ತಳದಾಗ ಹಿಡಿ ಉಸುಕಿತ್ತು, ಹಳ್ಳದ ಉಸುಕು. ಟಾಕಿ ನೀರಾಗ ಉಸುಕ ಇರಂಗಿಲ್ಲ, ಅದು ಹೆಂಗ ಬಂತು?”

ಸುಮ್ಮನಿದ್ದರೆ ಹುಲ್ಲಪ್ಪನ ಮಾನ ಉಳಿಯುತ್ತಿತ್ತು. ಆದರೆ ನಾಳೆ ಊರಿನ ಮಕ್ಕಳೆಲ್ಲ ಅದೇ ಒರತೆಗೆ ಬಾಯಿ ಹಚ್ಚುತ್ತಿದ್ದರು.

“ನಮ್ಮ ಮನ್ಯಾಗ ಟಾಕಿ ನೀರ ಯಾರೂ ಕುಡೀತಿದ್ದಿಲ್ರೀ,” ಎಂದ. “ಆ ವಾಸನಿ ನೀರ ನನಗ ಬಾಯಾಗ ಇಡಾಕ ಆಗತಿದ್ದಿಲ್ಲ. ಎಮ್ಮಿ ಮೈ ತೊಳಿಯೂ ಹಳ್ಳದ ಒರತಿ ನೀರ ತರತಿದ್ದೆ. ಕೂಸಿಗೂ ಅದನ್ನ ಕುಡಿಸಿದೆ, ಈ ಕೈಲೇ. ನಿಮಗ ಹೇಳಿದ್ದೆಲ್ಲಾ ಸುಳ್ಳು. ಟಾಕಿ ಒಡೀಬ್ಯಾಡ್ರಿ. ಬೇಕಾದ್ರ ನನ್ನ ಬಡೀರಿ.”

ಯಾರೂ ಬಡಿಯಲಿಲ್ಲ. ಬಡಿದಿದ್ದರೆ ಹಗುರಾಗುತ್ತಿತ್ತು ಎನಿಸಿತು ಅವನಿಗೆ. ಅಮಾತೆಪ್ಪ ಹಾರೆ ಕೆಳಗಿಟ್ಟು, ಹೊಂಡಕ್ಕಿಳಿದು, ಕೊಳೆತ ಎಲೆಯನ್ನು ಬುಟ್ಟಿಗೆ ತುಂಬತೊಡಗಿದ. ಹುಲ್ಲಪ್ಪ ಅವನ ಹಿಂದೆಯೇ ಇಳಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಂಡದ ಎಲೆ-ಕಸವನ್ನು ಇಂದೇ ತೆಗೆಯಿರಿ. ಗಂಜಿಯ ಮಡಕೆ ದೂರ ತೊಳೆಯಿರಿ. ಪಟಿಕದಿಂದ ತಿಳಿಯಾಗಿಸಿ, ಉಸುಕಿನಲ್ಲಿ ಸೋಸಿದ ನೀರಿಗೇ ಅಳತೆಯ ಪೌಡರ್ ಹಾಕಿಸಿ, ಅರ್ಧ ತಾಸು ಬಿಟ್ಟು ಕುಡಿಯಿರಿ. ಮತ್ತೆ, ನಿಮ್ಮೂರ ಟಾಕಿಯವನನ್ನು ನಾಚದೆ ಒಂದು ಮಾತು ಕೇಳಿ: “ನಿನ್ನ ಮನ್ಯಾಗ ಯಾವ ನೀರ ಕುಡೀತೀರಪ್ಪಾ?”