ಪಟ್ಟಿ ಬಿಚ್ಚುವ ದಿನ

"ಬಾಯಿ ತೆಗೀರಿ ಅಜ್ಜಿ. ತಲೆ ಮಾತ್ರ ಎತ್ತಬೇಡಿ" ಎಂದು ಲಿಡಿಯಾ ಚಮಚವನ್ನು ಭದ್ರಮ್ಮನ ತುಟಿಗೆ ಮುಟ್ಟಿಸಿದಳು. ಆಪರೇಷನ್ ಆದದ್ದು ಒಂದೇ ಕಣ್ಣಿಗಾದರೂ ಎರಡಕ್ಕೂ ಹತ್ತಿಯಿಟ್ಟು ಪಟ್ಟಿ ಕಟ್ಟಿದ್ದರು. ಗಂಜಿ ಯಾವ ಕಡೆಯಿಂದ ಬರುತ್ತದೆಂದು ತಿಳಿಯದೆ ಭದ್ರಮ್ಮ ಸುಮ್ಮನೆ ಬಾಯಿ ತೆರೆದು ಕಾಯುತ್ತಿದ್ದಳು.

"ಉಪ್ಪು ಕಮ್ಮಿ ಕಣವ್ವ ಲೀಲಾ."

"ನನ್ನ ಹೆಸರು ಲಿಡಿಯಾ, ಅಜ್ಜಿ."

"ಅದೇ ಕಣವ್ವ. ಲೀಲಾ."

ಹಂಪಾಪುರದ ಶಾಲೆಗೆ ದಸರಾ ರಜೆ. ಮೈಸೂರಿನ ಕ್ರೈಸ್ತ ಸಭೆಯವರು ಬೆಂಚುಗಳನ್ನು ಜಗಲಿಗೆ ಸಾಗಿಸಿ, ಕೋಣೆಗಳಲ್ಲಿ ಚಾಪೆ ಹಾಸಿ ಕಣ್ಣಿನ ಶಿಬಿರ ನಡೆಸುತ್ತಿದ್ದರು. ಪೊರೆ ತೆಗೆಯುವುದು ಡಾಕ್ಟರ ಕೆಲಸ. ಆಮೇಲೆ ಅಲುಗಾಡದೆ, ಕೆಮ್ಮದೆ ಮಲಗಿರಬೇಕಾದ ಮುದುಕ ಮುದುಕಿಯರಿಗೆ ಉಣಿಸುವುದು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವುದು ಸಭೆಯವರ ಪಾಲಿಗೆ ಬಂದಿತ್ತು.

ಲಿಡಿಯಾಗೆ ಬರಲು ಮನಸ್ಸಿರಲಿಲ್ಲ. ಮದುವೆಯಾಗಿ ಹತ್ತು ವರ್ಷದ ಮೇಲಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ದತ್ತು ಮಗುವಿಗಾಗಿ ಗಂಡಹೆಂಡತಿ ಮೈಸೂರಿನ ಒಂದು ಅನಾಥಾಲಯದಲ್ಲಿ ಹೆಸರು ಬರೆಸಿ ಕಾಯುತ್ತಿದ್ದರು. ಸರದಿ ಹತ್ತಿರ ಬಂದಿದೆ, ಯಾವಾಗ ಬೇಕಾದರೂ ಪಕ್ಕದ ಮನೆಗೆ ಫೋನ್ ಮಾಡುತ್ತೇವೆ ಎಂದಿದ್ದರು ಅಲ್ಲಿಯವರು. ಆದರೆ ಸಭಾಪಾಲಕರು, "ದೇವರ ಸಮಯಕ್ಕೆ ಬಿಟ್ಟು ಬಾಮ್ಮ. ಫೋನಿನ ಪಕ್ಕ ಕೂತರೆ ಅದು ಬೇಗ ಹೊಡ್ಕೊಳ್ಳುತ್ತಾ?" ಎಂದರು. ಗಂಡ ಆನಂದರಾಜ್ ಕೂಡ, "ಹೋಗಿ ಬಾ, ನಾನಿದ್ದೀನಲ್ಲ" ಎಂದ. ಅವಳು ಹೊರಟು ಬಂದಳು.

ಗಂಜಿ ಮುಗಿದ ಮೇಲೆ ಭದ್ರಮ್ಮ ಸೊಂಟದ ಚೀಲ ತಡಕಿ ವಿಭೂತಿಯ ಗಟ್ಟಿ ತೆಗೆದಳು. "ಅಣೆಗಿಷ್ಟು ಅಚ್ಚವ್ವ. ನೆನ್ನೆಯಿಂದ ಬೋಳಣೆ."

"ಕಣ್ಣಿನ ಹತ್ತಿರ ಪುಡಿ ಸೋಕಬಾರದು ಅಂದಿದ್ದಾರೆ ಅಜ್ಜಿ."

"ಅಂಗಾರೆ ತೋಳ್ಗೆ ಅಚ್ಚು."

ಲಿಡಿಯಾ ಒಂದು ಗಳಿಗೆ ಕೈಯಲ್ಲಿ ಗಟ್ಟಿ ಹಿಡಿದು ಕೂತಳು. ಹುಟ್ಟಿದಾರಭ್ಯ ಅದನ್ನು ಮುಟ್ಟಿದವಳಲ್ಲ. ಆಮೇಲೆ ಬೆರಳು ಒದ್ದೆಮಾಡಿಕೊಂಡು, ಸುಕ್ಕುಗಟ್ಟಿದ ತೋಳಿನ ಮೇಲೆ ಮೂರು ಬೆರಳು ನಿಧಾನವಾಗಿ ಎಳೆದಳು. ಭದ್ರಮ್ಮನ ಮುಖ ಸಡಿಲವಾಯಿತು.

ಪಟ್ಟಿ ಬಿಚ್ಚುವ ದಿನ ಬೆಳಗಿನ ಮೊದಲ ಬಸ್ಸಿಗೇ ಆನಂದರಾಜ್ ಬಂದ. ಅವನು ಶಾಲೆಯ ಗೇಟು ದಾಟಿ ಬರುವ ರೀತಿಯಲ್ಲೇ ಲಿಡಿಯಾಗೆ ಏನೋ ತಿಳಿದಂತಾಗಿ, ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು.

"ನೆನ್ನೆ ಫೋನ್ ಬಂದಿತ್ತು" ಎಂದ ಅವನು. "ಇಬ್ಬರೂ ಸಂಜೆಯೊಳಗೆ ಬನ್ನಿ ಅಂದ್ರು. ಇಲ್ಲಿಯ ಪೋಸ್ಟಾಫೀಸಿಗೆ ಎಷ್ಟು ಸಲ ಮಾಡಿದೆ. ಆಯುಧಪೂಜೆ, ಯಾರೂ ಎತ್ತಲಿಲ್ಲ. ಬಸ್ಸಲ್ಲಿ ಬಂದು ನಿನ್ನ ಕರ್ಕೊಂಡು ಹೋಗೋಷ್ಟು ಹೊತ್ತಿರಲಿಲ್ಲ. ಒಬ್ಬನೇ ಹೋಗಿ ಕೇಳ್ಕೊಂಡೆ. ಆಗಲ್ಲ ಅಂದ್ರು. ಸರದಿಯಲ್ಲಿ ನಮ್ಮ ಹಿಂದಿದ್ದವರು ಅಲ್ಲೇ ಬಂದು ಕೂತಿದ್ರು."

"ಕೊಟ್ಟುಬಿಟ್ರಾ?"

"ಹ್ಞೂಂ."

ಲಿಡಿಯಾ ಜಗಲಿಯ ಬೆಂಚಿನ ಮೇಲೆ ಕುಳಿತಳು. "ನೀವು ನೋಡಿದ್ರಾ?"

"ಹೆಣ್ಣು ಮಗು. ಸ್ವಲ್ಪ ಹೊತ್ತು ಎತ್ಕೊಂಡಿದ್ದೆ." ಅವನು ತನ್ನ ಕೈಯನ್ನೇ ನೋಡಿಕೊಂಡ. "ಬೆರಳು ಹಿಡ್ಕೊಂಡಿತ್ತು."

ಸಭಾಪಾಲಕರು ಹತ್ತಿರ ಬಂದರು. ಮಾತು ಅವರ ಕಿವಿಗೂ ಬಿದ್ದಿತ್ತು. "ಲಿಡಿಯಾ, ದೇವರ ಸಮಯ ಅನ್ನೋದು..."

"ಅಯ್ಯನವರೇ, ಈಗ ಆ ಮಾತು ಬೇಡ."

ಅವರು ಅರ್ಧಕ್ಕೇ ನಿಲ್ಲಿಸಿದರು. "ಬೇಡಮ್ಮ" ಎಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತುಕೊಂಡರು. ಒಳಗಿನಿಂದ ನರ್ಸ್ ಬಂದು, "ಆ ಭದ್ರಮ್ಮ ಯಾರಿಗೂ ಪಟ್ಟಿ ಮುಟ್ಟೋಕೆ ಬಿಡ್ತಿಲ್ಲ, ಲೀಲಾ ಬರಲಿ ಅಂತಾರೆ. ಯಾರ್ರೀ ಲೀಲಾ?" ಎಂದಳು.

ಲಿಡಿಯಾ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಹೋದಳು. ಭದ್ರಮ್ಮನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. ಡಾಕ್ಟರು ಪಟ್ಟಿ ಬಿಚ್ಚಿ, ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿ, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿದರು. "ಏನು ಕಾಣ್ತದಮ್ಮ?"

ಭದ್ರಮ್ಮ ಬಹಳ ಹೊತ್ತು ನೋಡಿದಳು. "ಯಾರೋ ಎಣ್ಮಗಳು ಅಳ್ತಾ ಕೂತವ್ಳೆ."

"ನಾನೇ ಅಜ್ಜಿ" ಎಂದಳು ಲಿಡಿಯಾ.

ಭದ್ರಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ನೀನಾ ಲೀಲಾ. ವಯಸ್ಸಾದೋಳು ಅನ್ಕಂಡಿದ್ದೆ ಕಣವ್ವ, ಕೈ ಅಷ್ಟು ನಿಧಾನ. ಯಾಕ್ ಅಳ್ತೀಯೆ? ಏನಾಯ್ತೇಳು."

ಡಾಕ್ಟರು ಪಕ್ಕದ ಚಾಪೆಗೆ ಹೋದ ಮೇಲೆ ಲಿಡಿಯಾ ಹೇಳಿದಳು. ಹೇಳಬೇಕೆಂದುಕೊಂಡಿರಲಿಲ್ಲ. ನಾಲ್ಕೇ ಮಾತಿನಲ್ಲಿ ಮುಗಿದುಹೋಯಿತು.

"ನನ್ ದೆಸೆಯಿಂದ ತಪ್ಪೋಯ್ತಾ?"

"ಇಲ್ಲ ಅಜ್ಜಿ" ಎಂದಳು. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

ಭದ್ರಮ್ಮ ಅವಳ ಅಂಗೈ ಸವರುತ್ತ ಕೂತಳು. "ಆ ಕೂಸ್ನ ಕರ್ಕಂಡೋದೋರು ಒಳ್ಳೇವ್ರಾ?"

"ಗೊತ್ತಿಲ್ಲ."

"ನೆನ್ನೆ ಅವ್ರ ಮಡ್ಲಲ್ಲಿ ಆಲು ಕುಡ್ದು ಮನಗಿರ್ತದೆ. ಅದ್ಕೂ ಕಾಯದು ತಪ್ತು ಬುಡು."

ಲಿಡಿಯಾ ತಲೆಯೆತ್ತಿದಳು. ಬೆಳಗಿನಿಂದ ಅವಳ ಮನಸ್ಸು ಆ ಕೂಸನ್ನು ಅನಾಥಾಲಯದ ಬಾಗಿಲಿನಾಚೆಗೆ ಹೋಗಲು ಬಿಟ್ಟಿರಲಿಲ್ಲ. ಈಗ ಅದು ಯಾರದೋ ಹೆಗಲ ಮೇಲೆ ಮಲಗಿ, ಯಾವುದೋ ಬೀದಿ ದಾಟಿ, ದೀಪ ಹಚ್ಚಿದ ಮನೆಯೊಂದರೊಳಗೆ ಹೋಯಿತು. ಎದೆಯಲ್ಲಿ ನೋವು ಕಡಿಮೆಯಾಗಲಿಲ್ಲ. ಆದರೆ ಅವಳು ಎದ್ದು, ಭದ್ರಮ್ಮನ ಕಣ್ಣಿಗೆ ಹನಿ ಔಷಧಿ ಹಾಕಿ, ಪಕ್ಕದ ಚಾಪೆಯ ಮುದುಕನಿಗೆ ನೀರು ಕುಡಿಸಲು ಹೋದಳು.

"ಸಾಯಂಕಾಲದ ಬಸ್ಸಿಗೆ ಹೋಗೋಣ ಬಾ" ಎಂದ ಆನಂದರಾಜ್.

"ಇವರೆಲ್ಲ ಮನೆಗೆ ಹೋಗ್ಲಿ" ಎಂದಳು.

ಅವನೂ ಉಳಿದ. ಬಾವಿಯಿಂದ ನೀರು ಹೊತ್ತ, ಮುದುಕರಿಗೆ ಮುಖಕ್ಷೌರ ಮಾಡಿದ. ಸಂಜೆಯ ಪ್ರಾರ್ಥನೆಗೆ ಎಲ್ಲರೂ ಜಗಲಿಯಲ್ಲಿ ಸೇರಿದಾಗ ಸಭಾಪಾಲಕರು ಬೈಬಲು ಮುಚ್ಚಿ, ಲಿಡಿಯಾಳ ಕಡೆ ನೋಡಿ, ಅವಳೇ ಪ್ರಾರ್ಥಿಸಲೆಂದು ಕಾದರು. ಅವಳು ಕಣ್ಣು ಮುಚ್ಚಿದಳು. ವರ್ಷಗಳಿಂದ ಬಾಯಿಪಾಠವಾಗಿದ್ದ ಬೇಡಿಕೆ ತುಟಿಯವರೆಗೆ ಬಂದು ನಿಂತಿತು.

"ತಂದೆಯೇ, ಆ ಮಗುವಿಗೆ ಹೊಸ ಮನೆಯಲ್ಲಿ ಒಳ್ಳೆ ನಿದ್ದೆ ಬರಲಿ" ಎಂದಳು.

ಆಮೆನ್ ಹೇಳಬೇಕೆಂದು ಯಾರಿಗೂ ಹೊಳೆಯುವ ಮೊದಲೇ ಒಳಗಿನ ಚಾಪೆಯಿಂದ ಭದ್ರಮ್ಮನ ದನಿ ಬಂತು. "ಅಂಗೇ ಆಗ್ಲಪ್ಪ, ಶಿವನೇ."

ಸಭಾಪಾಲಕರು ತಲೆ ತಗ್ಗಿಸಿಯೇ ಇದ್ದರು. "ಆಮೆನ್" ಎಂದರು.

ಶಿಬಿರ ಮುಗಿದ ಬೆಳಿಗ್ಗೆ ಭದ್ರಮ್ಮನ ತಂಗಿಯ ಮಗ ಮಹದೇವಪ್ಪ ಟ್ರ್ಯಾಕ್ಟರಿನಲ್ಲಿ ಬಂದು ಗೇಟಿನ ಹೊರಗೆ ನಿಂತ. ದಪ್ಪ ಕನ್ನಡಕದಲ್ಲಿ ನೆಲ ಮೇಲೆದ್ದು ಬಂದಂತೆ ಕಾಣುತ್ತದೆ, ಮೊದಮೊದಲು ಒಬ್ಬರನ್ನೇ ನಡೆಯಲು ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಲಿಡಿಯಾ ಒಂದು ಕೈ ಹಿಡಿದಳು, ಆನಂದರಾಜ್ ಇನ್ನೊಂದು. ಭದ್ರಮ್ಮ ಶಾಲೆಯ ಅಂಗಳಕ್ಕಿಳಿದು, ಒಂದು ಒಣ ಕಡ್ಡಿಯನ್ನು ದಾಟಲು ಮೊಣಕಾಲು ಮಡಚಿ ಕಾಲನ್ನು ಮೇಲಕ್ಕೆತ್ತಿದಳು. ನೆಲ ಸಿಕ್ಕಿತೆಂದು ಖಾತ್ರಿಯಾಗುವವರೆಗೆ ನಿಂತಳು. ಆಮೇಲೆ ಇನ್ನೊಂದು ಕಾಲು. ಅವಳ ಎರಡು ಕಡೆ ಅವರಿಬ್ಬರೂ ನಿಂತು, ಕಾದು, ಅವಳು ಕಾಲಿಟ್ಟಾಗ ತಾವೂ ಇಡುತ್ತ, ಆ ಬಯಲನ್ನು ತುಂಬಿದ ಹೊಳೆಯೆಂಬಂತೆ ನಿಧಾನವಾಗಿ ದಾಟುತ್ತಿದ್ದರು.