ಏರೋದು, ಓಡೋದು

ಗೋಡೆಗೆ ತೂಗುಹಾಕಿದ್ದ ಪ್ರೊಪೆಲ್ಲರನ್ನು ಒಂದು ಕೈಯಿಂದ ಓರೆ ಮಾಡಿ, ಅದರ ಹಿಂದಿನ ಗೂಡಿನಲ್ಲಿದ್ದ ಗಂಡನ ಕನ್ನಡಕಕ್ಕೆ ಇನ್ನೊಂದು ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು. ಅಲಗಿನ ಮೇಲಿದ್ದ ಅಂಗೈಗೆ ಏನೋ ತಪ್ಪಿದಂತಾಯಿತು. ಇನ್ನೊಮ್ಮೆ ಸವರಿದಳು, ನಡುವಿನಿಂದ ತುದಿಯ ಕಡೆಗೆ. ಇಲ್ಲಿ ತಿರುವು ಇನ್ನೂ ಕಡಿದಾಗಿರಬೇಕಿತ್ತು, ಕೈ ಜಾರಿ ಕೆಳಗಿಳಿಯಬೇಕಿತ್ತು. ಇದು ಹೆಚ್ಚುಕಡಿಮೆ ಮಟ್ಟಸವಾಗಿತ್ತು.

ಹೊರಗೆ ಹೆಣದ ವ್ಯಾನಿನ ಹಿಂಬಾಗಿಲು ತೆರೆದ ಸದ್ದಾಯಿತು.

"ಕನ್ನಡಕ ಸಿಕ್ತಾ ಅಕ್ಕಾ? ಅದಿಲ್ದೆ ಇಂಚಪ್ಪನ ಮುಖ ಯಾರದೋ ಥರ ಕಾಣ್ತಿದೆ" ಎಂದು ಫೌಂಡ್ರಿಯ ಹಳೆಯ ಜೊತೆಗಾರ ಶೆಡ್ಡಿನ ಬಾಗಿಲಿಗೆ ಬಂದು ಕೇಳಿದ. ಮೂವತ್ತೆಂಟು ವರ್ಷ ಫೌಂಡ್ರಿಯಲ್ಲಿ ಎರಕಕ್ಕೆ ಮರದ ಅಚ್ಚು ಕೆತ್ತಿದವನು ಅವಳ ಗಂಡ. ಕಿಸೆಯಲ್ಲಿ ಅಳತೆಪಟ್ಟಿ ಇಲ್ಲದೆ ಅವನು ಮದುವೆಮನೆಗೂ ಹೋದವನಲ್ಲ. ಅದಕ್ಕೇ ಊರಿಗೆಲ್ಲ ಅವನು ಇಂಚಪ್ಪ.

ಅವಳು ಕನ್ನಡಕವನ್ನು ಜೊತೆಗಾರನ ಕೈಗಿಟ್ಟಳು. "ಕ್ಯಾಪ್ಟನ್ ಎಲ್ಲಿ?"

ಅವನು ತಡವರಿಸಿದ. "ಇಲ್ಲೇ ಎಲ್ಲೋ..."

"ನಿಜ ಹೇಳಿ."

"ಫೀಲ್ಡಿಗೆ ಹೋದ್ರು. ಮಣ್ಣು ಮಾಡೋ ಹೊತ್ತಿಗೆ ಇಂಚಪ್ಪನ ವಿಮಾನ ಇಂಚಪ್ಪನ ಮೇಲೆ ಒಂದು ಸುತ್ತು ಹಾಕ್ಲೇಬೇಕಂತೆ. ಅತ್ತಿಗೆಗೆ ಹೇಳ್ಬೇಡಿ, ಬೇಡ ಅಂತಾರೆ ಅಂದ್ರು. ಹೋಗಿ ಅರ್ಧ ಗಂಟೆ ಆಯ್ತು."

ಇಂಚಪ್ಪ ಕೆತ್ತಿದ್ದ ಎರಡು ಪ್ರೊಪೆಲ್ಲರುಗಳಲ್ಲಿ ಗೋಡೆಯ ಮೇಲೆ ಇರಬೇಕಾಗಿದ್ದದ್ದು ಓಡೋದು. ಇಲ್ಲಿರುವುದು ಏರೋದು. ಹಾಗಿದ್ದರೆ ಓಡೋದು ಈಗ ವಿಮಾನದ ಮೂತಿಯ ಮೇಲಿತ್ತು, ಮತ್ತು ಅದು ಕ್ಯಾಪ್ಟನ್ನಿಗೆ ಗೊತ್ತಿರಲಿಲ್ಲ.

*

ಎರಡನ್ನೂ ಇಂಚಪ್ಪ ಒಂದೇ ಮರದ ಹಲಗೆಗಳಿಂದ ಕೆತ್ತಿದ್ದ. ಎಂಟು ಪದರ ಅಂಟಿಸಿ, ವಾರಗಟ್ಟಲೆ ಒಣಗಿಸಿ, ಉಳಿಯಿಂದ ಬಿಡಿಸಿ, ಉಪ್ಪು ಕಾಗದದಿಂದ ಉಜ್ಜಿ. ಉಜ್ಜುವ ಕೆಲಸ ಅವಳದು. ರೆಕ್ಕೆಗಳಿಗೆ ಬಟ್ಟೆ ಹೊಲಿದವಳೂ ಅವಳೇ. ಮನೆಯ ಮುಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳಿಗೆ ಆ ಒಂದು ವರ್ಷ ಗಿರಾಕಿಗಳ ರವಿಕೆಗಿಂತ ವಿಮಾನದ ಅಂಗಿಯೇ ಹೆಚ್ಚಾಗಿತ್ತು. ಬಣ್ಣ, ಉದ್ದ, ತುದಿಯ ಹಳದಿ ಪಟ್ಟಿ, ಎಲ್ಲ ಒಂದೇ. ಪಕ್ಕಪಕ್ಕ ಇಟ್ಟರೆ ಅವಳಿಜವಳಿ.

"ಒಂದು ಸಾಲದಾ? ಎರಡ್ಯಾಕೆ?" ಎಂದು ಅವಳು ಕೇಳಿದ್ದಳು.

"ನೀನು ಮಿಷನ್ನಲ್ಲಿ ಹೊಲಿಗೆ ಚಿಕ್ಕದು ದೊಡ್ಡದು ಮಾಡ್ಕೊಳಲ್ವಾ? ಹಾಗೆ" ಎಂದಿದ್ದ ಅವನು, ಕಿವಿಯ ಪೆನ್ಸಿಲ್ ತೆಗೆಯುತ್ತ. "ಇದು ಒಂದು ಸುತ್ತಿಗೆ ಸ್ವಲ್ಪ ಗಾಳಿ ಕಚ್ಚುತ್ತೆ. ಇಂಜಿನ್ನಿಗೆ ಹಗುರ. ಬೇಗ ನೆಲ ಬಿಡುತ್ತೆ. ಆದ್ರೆ ಮೇಲೆ ಹೋದ್ಮೇಲೆ ಬರೀ ಬೊಬ್ಬೆ, ಸಾಗೋದು ಕಮ್ಮಿ, ಪೆಟ್ರೋಲು ಸುಮ್ನೆ ಖಾಲಿ. ಇನ್ನೊಂದು ದೊಡ್ಡ ಹೊಲಿಗೆ. ಒಂದು ಸುತ್ತಿಗೆ ಮಾರುದ್ದ ಮುಂದೆ ಹೋಗುತ್ತೆ. ಅದೇ ಪೆಟ್ರೋಲಲ್ಲಿ ಎಷ್ಟೋ ದೂರ."

"ಮತ್ತೆ ದೊಡ್ಡ ಹೊಲಿಗೆಯದೇ ಹಾಕಿ."

"ದಪ್ಪ ಬಟ್ಟೆ ಮೇಲೆ ದೊಡ್ಡ ಹೊಲಿಗೆ ಹಾಕಿದ್ರೆ ನಿನ್ನ ಮಿಷನ್ ಏನು ಮಾಡುತ್ತೆ?"

"ಏದುಸಿರು ಬಿಡುತ್ತೆ."

"ಅಷ್ಟೇ. ನೆಲದ ಮೇಲೆ ಇದೂ ಹಾಗೇ. ಓಡುತ್ತೆ, ಓಡುತ್ತೆ, ಏಳೋದೇ ಇಲ್ಲ."

ಅಂದಿನಿಂದ ಮನೆಯಲ್ಲಿ ಅವಕ್ಕೆ ಏರೋದು, ಓಡೋದು ಎಂದೇ ಹೆಸರಾಯಿತು. ಯಾರಾದರೂ ಫ್ಯಾನು ಎಂದರೆ ಇಂಚಪ್ಪನಿಗೆ ಮೈ ಉರಿಯುತ್ತಿತ್ತು. ಕ್ಯಾಪ್ಟನ್ ಬೇಕೆಂದೇ ಹಾಗನ್ನುತ್ತಿದ್ದ. ಹೊಲಗಳಿಗೆ ಔಷಧಿ ಹೊಡೆಯುವ ವಿಮಾನವನ್ನು ಇಪ್ಪತ್ತು ವರ್ಷ ಹಾರಿಸಿದವನು ಅವನು. ಹನ್ನೊಂದು ವರ್ಷದಲ್ಲಿ ಕಟ್ಟಿ ಮುಗಿಸಿದ ಈ ಪುಟ್ಟ ವಿಮಾನವನ್ನು ಏರೋದರ ಜೊತೆ ಆರು ಸಲ ಮೇಲೆತ್ತಿದ್ದವನೂ ಅವನೇ. ಮೀಟರುಗಳ ಮುಳ್ಳುಗಳನ್ನೆಲ್ಲ ನೋಡುತ್ತ ಕೂರುವ ಜಾತಿಯಲ್ಲ. "ವಿಮಾನವನ್ನ ಕುಂಡೆಯಿಂದ ಹಾರಿಸ್ಬೇಕು, ಕಣ್ಣಿಂದಲ್ಲ" ಎನ್ನುತ್ತಿದ್ದ. ಫೀಲ್ಡು ಎಂದರೆ ಮುನ್ನೂರೆಂಬತ್ತು ಮೀಟರ್ ಹುಲ್ಲು, ಅದರ ತುದಿಗೆ ಸಾಲು ನೀಲಗಿರಿ. ಅರ್ಧ ಹುಲ್ಲಿಗೇ ಅವನು ಮೇಲೆದ್ದುಬಿಡುತ್ತಿದ್ದ.

*

ಅವಳು ಅಂಗಳಕ್ಕೆ ಬರುವಷ್ಟರಲ್ಲಿ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿಯಾಗಿತ್ತು. ಫೋನು ಕಿವಿಗೆ ಹಿಡಿದಿದ್ದಳು. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಎರಡನೆಯ ಸಲ, ಮೂರನೆಯ ಸಲ.

ಭಾವ ಎದುರಿಗೆ ಬಂದರು. ಇಂಚಪ್ಪನ ಅಣ್ಣ. ಊರಿಗೆ ಪಂಚಾಯಿತಿ ಹೇಳಿ ಅಭ್ಯಾಸವಾದ ದನಿ. "ಹೊತ್ತಾಗ್ತಾ ಇದೆಯಮ್ಮ. ಹನ್ನೊಂದೂವರೆಗೆ ಗುಂಡಿ ಹತ್ರ ಇರ್ಬೇಕು. ಫೋನ್ ಆಮೇಲೆ ಮಾಡ್ಕೋ."

"ಭಾವ, ನಾನು ಫೀಲ್ಡಿಗೆ ಹೋಗ್ಬೇಕು. ಈಗಲೇ."

"ಎಲ್ಲಿಗೆ?"

"ಕ್ಯಾಪ್ಟನ್ ವಿಮಾನ ಹಾರ್ಸೋಕೆ ಹೋಗಿದಾರೆ. ಅದರ ಪ್ರೊಪೆಲ್ಲರ್ ಬದಲಾಗಿದೆ. ಅವರಿಗೆ ಗೊತ್ತಿಲ್ಲ. ಮರಕ್ಕೆ ಹೋಗಿ ಹೊಡೀತಾರೆ."

ಭಾವ ಸುತ್ತ ನಿಂತವರ ಮುಖ ನೋಡಿದರು. ದುಃಖದಲ್ಲಿ ಹೆಂಗಸರು ಏನೇನೋ ಆಡುತ್ತಾರೆ ಎಂಬಂತೆ ದನಿ ತಗ್ಗಿಸಿದರು. "ನೋಡಮ್ಮ, ಆ ಗಾಳಿಪಟದ ಹುಚ್ಚು ಅವನ ಜೊತೆಗೇ ಹೋಗ್ಲಿ. ಗಂಡನ ಹೆಣ ಬಿಟ್ಟು ಹೆಂಡತಿ ಎಲ್ಲಿಗೋ ಹೋದ್ಲು ಅಂದ್ರೆ ಜನ ಏನಂತಾರೆ? ಯಾರನ್ನಾದ್ರೂ ಕಳಿಸೋಣ."

"ಯಾರನ್ನ? ಯಾವುದರಲ್ಲಿ?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಓಣಿ ಒಂದು ಗಾಡಿಯಷ್ಟೇ ಅಗಲ. ಓಣಿಯ ಬಾಯಲ್ಲಿ ವ್ಯಾನು, ಅದರ ಹಿಂದೆ ಬಂದವರ ಕಾರುಗಳು ಒಂದಕ್ಕೊಂದು ಮೂತಿ ತಾಗಿಸಿ ನಿಂತಿದ್ದವು. ವ್ಯಾನು ಹೊರಡದೆ ಒಂದು ಸೈಕಲ್ಲೂ ಹೊರಗೆ ಹೋಗುವಂತಿರಲಿಲ್ಲ.

ಅವಳು ಮುಂಬಾಗಿಲು ತೆರೆದು ಚಾಲಕನ ಪಕ್ಕ ಹತ್ತಿ ಕೂತಳು. "ಹೆಣ ಬಿಟ್ಟು ಹೋಗ್ಬೇಡ ಅಂದ್ರಲ್ಲ ಭಾವ. ಕರ್ಕೊಂಡೇ ಹೋಗ್ತೀನಿ." ಆಮೇಲೆ ಚಾಲಕನಿಗೆ, "ಸ್ಮಶಾನದ ಗೇಟು ದಾಟಿ ನೇರ ಹೋಗಿ. ನಿಲ್ಲಿಸ್ಬೇಡಿ."

ವ್ಯಾನಿನವನು ನಡುವಯಸ್ಸಿನ, ದಪ್ಪ ಕತ್ತಿನ ಮನುಷ್ಯ. ಕನ್ನಡಿಯಲ್ಲಿ ಭಾವನವರ ಮುಖ ನೋಡಿದ, ಅವಳ ಮುಖ ನೋಡಿದ, ಗೇರು ಹಾಕಿದ. "ಹದಿನಾಲ್ಕು ವರ್ಷ ಆಯ್ತಮ್ಮ ಈ ಕೆಲಸ. ಬೇಗ ಓಡ್ಸು ಅಂತ ಇವತ್ತೇ ಮೊದಲನೇ ಸಲ ಕೇಳ್ತಿರೋದು."

*

ಮೊನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಇಂಚಪ್ಪ ಫೀಲ್ಡಿನಿಂದ ಬಂದು, ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ. ಬೆರಳುಗಳಿಗೆಲ್ಲ ಗ್ರೀಸು. ಮುಖದಲ್ಲಿ ಕದ್ದು ಬೆಲ್ಲ ತಿಂದವನ ಕಳೆ.

"ನಿಮ್ಮಕ್ಕನ ಊರು ಇಲ್ಲಿಂದ ನೆಟ್ಟಗೆ ಅಳೆದ್ರೆ ಎಷ್ಟು ದೂರ ಗೊತ್ತೇನೇ?"

"ಬಸ್ಸಲ್ಲಿ ಇಡೀ ಒಂದು ದಿನ."

"ಬಸ್ಸು ಗುಡ್ಡ ಸುತ್ತುತ್ತೆ. ನೆಟ್ಟಗೆ ಇನ್ನೂರ ಹತ್ತು ಕಿಲೋಮೀಟರ್. ಒಂದೇ ಟ್ಯಾಂಕಲ್ಲಿ ಹೋಗ್ಬಹುದು. ಏರೋದರಲ್ಲಿ ಸಾಲಲ್ಲ, ಓಡೋದರಲ್ಲಿ ಸಾಲುತ್ತೆ, ಮೇಲೆ ಅರ್ಧ ಗಂಟೆಯಷ್ಟು ಮಿಗುತ್ತೆ. ಎಂಟು ಸಲ ಲೆಕ್ಕ ಹಾಕಿದೀನಿ. ಬೆಳಗಿನ ತಂಪಲ್ಲಿ, ಎದುರು ಗಾಳಿ ಇದ್ದಾಗ ಏಳಬೇಕು ಅಷ್ಟೆ. ಕ್ಯಾಪ್ಟನ್ ಮುಂದೆ, ನೀನು ಹಿಂದೆ."

ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ಅವಳಿಗೆ ವಾಂತಿ. ಗುಡ್ಡದ ಆಚೆ, ಸಮುದ್ರದ ಹತ್ತಿರ ಇದ್ದ ಅಕ್ಕನನ್ನು ನೋಡಿ ಆರು ವರ್ಷವಾಗಿತ್ತು. ಅವಳಿಗೆ ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು.

"ಹನ್ನೊಂದು ವರ್ಷ ಆ ಶೆಡ್ಡಲ್ಲಿ ಕೂತ್ಕೊಂಡ್ರಿ. ಈ ಆರು ವರ್ಷದಲ್ಲಿ ಒಂದು ಸಲ ನನ್ನ ಜೊತೆ ರೈಲಲ್ಲಿ ಬಂದಿದ್ರೆ ಆಗ್ತಿರ್ಲಿಲ್ವಾ? ರೈಲಲ್ಲಿ ನಂಗೇನೂ ಆಗಲ್ಲ ಅಂತ ಎಷ್ಟು ಸಲ ಹೇಳಿದೀನಿ?"

ರೈಲಿನ ಲೆಕ್ಕ ಅವನು ಹಾಕಿರಲಿಲ್ಲ. ಮಿಷನ್ನಿನ ಮೇಲಿದ್ದ ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಹೋಗ್ಲಿ, ನಾಳೆ ಫೀಲ್ಡಿಗೆ ಬರ್ತೀಯಾ? ವಿಮಾನಕ್ಕೆ ಹಗ್ಗ ಕಟ್ಟಿ, ಇಂಜಿನ್ ಓಡಿಸಿ ಎಷ್ಟು ಎಳೆಯುತ್ತೆ ನೋಡ್ಬೇಕು. ಒಬ್ನಿಗೆ ಆಗಲ್ಲ."

"ಇಬ್ಬರು ಸ್ನೇಹಿತರಿದ್ದೀರಲ್ಲ, ನೀವೇ ನೋಡ್ಕೊಳ್ಳಿ" ಎಂದು ಅವಳು ದೀಪ ಆರಿಸಿದಳು.

ಮರುದಿನ ಬೆಳಗ್ಗೆ ಬೂಟಿನ ದಾರ ಕಟ್ಟುತ್ತ ಬಗ್ಗಿದವನು ಮೇಲೇಳಲಿಲ್ಲ.

*

ವ್ಯಾನು ಸ್ಮಶಾನದ ಗೇಟು ದಾಟಿತು. ಗೇಟಿನಲ್ಲಿ ಕಾಯುತ್ತ ತಲೆ ಬಗ್ಗಿಸಿದವರು, ವ್ಯಾನು ಧೂಳೆಬ್ಬಿಸಿ ಹೋದದ್ದು ಕಂಡು ತಲೆ ಎತ್ತಿದರು. ಎಲೆ ಅಲುಗದ ಬಿಸಿಲು. ಗಾಳಿಯ ಸುಳಿವೇ ಇರಲಿಲ್ಲ. ಗಾಳಿ ಇಲ್ಲದಿದ್ದರೆ ಓಡೋದು ಇನ್ನಷ್ಟು ನೆಲ ಬೇಡುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಹಿಂದೆ ತಿರುವುಗಳಲ್ಲಿ ಪೆಟ್ಟಿಗೆ ಒಂದು ಬದಿಗೆ ಜರುಗಿ ಸದ್ದು ಮಾಡುತ್ತಿತ್ತು. ಪ್ರತಿ ಸಲವೂ ಅವಳು ಕೈ ಹಿಂದೆ ಚಾಚುತ್ತಿದ್ದಳು, ಹಿಡಿದುಕೊಳ್ಳುವವಳಂತೆ.

ಬೇಲಿ ಕಾಣಿಸುವ ಮೊದಲೇ ಇಂಜಿನ್ನಿನ ಸದ್ದು ಕೇಳಿಸಿತು. ಎಂದಿನ ಚೂಪು ಸದ್ದಲ್ಲ. ಭಾರ ಹೊತ್ತ ಗಂಟಲಿನದು.

"ಶುರು ಮಾಡ್ಬಿಟ್ರು" ಎಂದಳು.

ಫೀಲ್ಡಿನ ಬಾಗಿಲು ಹಾರುಹೊಡೆದಿತ್ತು. ಆ ತುದಿಯಿಂದ ಪುಟ್ಟ ಬಿಳಿ ವಿಮಾನ ಹುಲ್ಲಿನ ಮೇಲೆ ಓಡಿ ಬರುತ್ತಿತ್ತು. ಬಾಲ ಇನ್ನೂ ಎದ್ದಿರಲಿಲ್ಲ.

"ನಡುವೆ ನುಗ್ಗಿಸಿ."

"ಅಮ್ಮಾ, ಅದು ಎದುರಿಗೇ ಬರ್ತಿದೆ!"

"ಗೊತ್ತು. ನುಗ್ಗಿಸಿ!"

ಚಾಲಕ ಯಾವುದೋ ದೇವರನ್ನು ಕೂಗಿ ಸ್ಟೀರಿಂಗ್ ತಿರುಗಿಸಿದ. ವ್ಯಾನು ದಡಬಡಿಸಿ ಹುಲ್ಲಿಗಿಳಿದು, ಓಟದ ದಾರಿಯ ನಟ್ಟನಡುವೆ ವಿಮಾನಕ್ಕೆ ಮೂತಿ ಕೊಟ್ಟು ನಿಂತಿತು. ಅವಳು ಬಾಗಿಲು ತೆರೆದು ಜಿಗಿದು ಎರಡೂ ಕೈ ಎತ್ತಿದಳು. ವಿಮಾನ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಆಮೇಲೆ ಸದ್ದು ಕುಸಿಯಿತು, ಬಾಲ ಅತ್ತಿತ್ತ ಹೊಯ್ದಾಡಿತು, ಚಕ್ರಗಳು ಹುಲ್ಲು ಕಿತ್ತುಕೊಂಡು ಜಾರಿದವು. ನಿಂತಾಗ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ.

ಇಂಜಿನ್ ಆರಿಸಿ ಕ್ಯಾಪ್ಟನ್ ಇಳಿದು ಬಂದ. ಮುಖವೆಲ್ಲ ಕೆಂಪು, ಕಣ್ಣು ಅತ್ತು ಊದಿತ್ತು. "ಹುಚ್ಚು ಹಿಡೀತಾ ಅತ್ತಿಗೆ? ನಿಮ್ಮನ್ನ ಕತ್ತರಿಸಿ ಹಾಕ್ಬಿಡ್ತಿದ್ದೆ! ಅದೂ ಅವನನ್ನ ಹಿಂದಿಟ್ಕೊಂಡು..."

ಅವಳು ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಅಲಗಿನ ಮೇಲೆ ಇಟ್ಟಳು. ಅಂಗೈ ತಿರುವಿಗೆ ಜಾರಿತು. ಕ್ಯಾಪ್ಟನ್ ಇನ್ನೊಮ್ಮೆ ತಾನಾಗಿಯೇ ಸವರಿದ. ತಿರುಗಿ, ವ್ಯಾನಿನ ಆಚೆಗೆ ಉಳಿದಿದ್ದ ತುಂಡು ಹುಲ್ಲನ್ನೂ ಅದರ ತುದಿಯ ನೀಲಗಿರಿ ಸಾಲನ್ನೂ ನೋಡಿದ. ಅವನ ಮುಖದ ಕೆಂಪು ಇಳಿಯಿತು.

"ಬಾಲ ಏಳ್ತಾ ಇರ್ಲಿಲ್ಲ" ಎಂದ ನಿಧಾನವಾಗಿ. "ಗಾಳಿ ಇಲ್ಲ, ಅದಕ್ಕೇ ಅಂದ್ಕೊಂಡೆ. ಏಳುತ್ತೆ, ಈಗ ಏಳುತ್ತೆ ಅಂತ..." ಚಕ್ರದ ಪಕ್ಕ ಹುಲ್ಲಿನ ಮೇಲೆ ಕುಸಿದು ಕೂತ. "ನಂಗೆ ಯಾಕೆ ಹೇಳ್ಲಿಲ್ಲ ಅವನು?"

"ನಿನ್ನೆ ಹೇಳ್ಬೇಕು ಅಂತಿದ್ರು ಅನ್ಸುತ್ತೆ."

ಕಾರುಗಳು ಒಂದೊಂದಾಗಿ ಬಂದು ಬೇಲಿಯ ಪಕ್ಕ ನಿಂತವು. ಫೌಂಡ್ರಿಯವರು, ನೆಂಟರು, ಕೊನೆಗೆ ಭಾವ. ಬಯ್ಯಲೆಂದೇ ಬಂದವರು ಹುಲ್ಲಿನ ಮೇಲಿನ ಚಕ್ರದ ಗೆರೆಗಳನ್ನು ನೋಡಿದರು, ಮರಗಳನ್ನು ನೋಡಿದರು, ನೆಲದ ಮೇಲೆ ಕೂತ ಕ್ಯಾಪ್ಟನ್ನನ್ನು ನೋಡಿದರು.

"ಸರಿ, ನಡೀರಿ" ಎಂದರು. "ಇನ್ನಾದ್ರೂ ಮಣ್ಣಿಗೆ ಹೋಗೋಣ."

"ಒಂದು ಹತ್ತು ನಿಮಿಷ ಭಾವ."

"ಇನ್ನೇನಮ್ಮ?"

"ಅವರು ಇದನ್ನ ಹಾಕಿದ್ದು ಮೊನ್ನೆ ಸಂಜೆ. ತಿರುಗಿಸಿ ನೋಡೋಕೆ ಅವರಿಗೆ ಆಗ್ಲಿಲ್ಲ. ಹಗ್ಗ ಹಿಡಿಯೋಕೆ ಬಾ ಅಂದ್ರು. ನಾನು ಬರಲ್ಲ ಅಂದೆ." ಅವಳು ವ್ಯಾನಿನ ಕಡೆ ತಿರುಗಿದಳು. "ಎಷ್ಟು ಎಳೆಯುತ್ತೆ ನೋಡ್ಬೇಕು. ಅವರು ಇಲ್ಲಿರುವಾಗಲೇ."

ಭಾವ ತಮ್ಮ ಕೋಟು ಬಿಚ್ಚಿ ಕಾರಿನ ಮೇಲೆ ಹಾಕಿದರು. "ಎಲ್ಲಿ ಹಿಡ್ಕೋಬೇಕು?" ಎಂದು ಕ್ಯಾಪ್ಟನ್ನನ್ನು ಕೇಳಿದರು.

ನಾಲ್ಕು ಜನ ಬಾಲ ಎತ್ತಿ ವಿಮಾನವನ್ನು ತಿರುಗಿಸಿದರು. ಮೂತಿ ಬಯಲಿನ ಕಡೆಗೆ, ಬಾಲ ವ್ಯಾನಿನ ಕಡೆಗೆ ಆಯಿತು. ಸೀಟಿನ ಹಿಂದೆ ಇಂಚಪ್ಪ ಸುತ್ತಿಟ್ಟಿದ್ದ ಹಗ್ಗವಿತ್ತು. ಕಟ್ಟಲು ಆ ಬಯಲಿನಲ್ಲಿ ಗಟ್ಟಿ ಗೂಟವಿರಲಿಲ್ಲ. ಕೊನೆಗೆ ವ್ಯಾನಿನ ಮುಂದಿನ ಕೊಂಡಿಗೇ ಕಟ್ಟಿದರು.

"ಹ್ಯಾಂಡ್ ಬ್ರೇಕ್ ಅಷ್ಟಕ್ಕಷ್ಟೇ, ಮೊದ್ಲೇ ಹೇಳಿರ್ತೀನಿ" ಎಂದ ಚಾಲಕ.

"ಎಳೆದು ಹಾಕಿ, ಸಾಕು" ಎಂದ ಕ್ಯಾಪ್ಟನ್, ಹತ್ತಿ ಕೂತು.

ಭಾವ ಒಂದು ರೆಕ್ಕೆಯ ತುದಿ ಹಿಡಿದರು, ಜೊತೆಗಾರ ಇನ್ನೊಂದು. ಇಂಜಿನ್ ಹೊತ್ತಿಕೊಂಡಿತು. ಮೊದಲು ಗೊಣಗಿತು, ಆಮೇಲೆ ಏದುಸಿರು ಬಿಟ್ಟಿತು, ಆಮೇಲೆ ಆ ಏದುಸಿರೇ ಒಂದೇ ಸಮನೆಯ ಗಟ್ಟಿ ಸದ್ದಾಯಿತು. ಗಾಳಿ ಹಿಂದಕ್ಕೆ ನುಗ್ಗಿ ಹುಲ್ಲನ್ನು ಮಲಗಿಸಿತು. ಹೆಂಗಸರು ತಲೆಯ ಬಟ್ಟೆ ಹಿಡಿದುಕೊಂಡರು, ಗಂಡಸರು ಬೆನ್ನು ತಿರುಗಿಸಿದರು. ಹಗ್ಗ ನೆಲ ಬಿಟ್ಟು ಎದ್ದು, ಬಿಗಿದು, ನೀರು ಹಿಂಡಿದ ಬಟ್ಟೆಯಂತೆ ಕಿರುಗುಟ್ಟಿತು.

ಅವಳು ವ್ಯಾನಿನ ಪಕ್ಕದಲ್ಲಿ, ಅದರ ತಗಡಿಗೆ ಅಂಗೈ ಒತ್ತಿ ನಿಂತಿದ್ದಳು. ಕೂದಲು ಬಿಚ್ಚಿ ಮುಖಕ್ಕೆ ಹೊಡೆಯುತ್ತಿತ್ತು.

"ಬ್ರೇಕು ಹಾಕಿದೀನಿ!" ಎಂದು ಚಾಲಕ ಕೂಗಿದ. "ಅಮ್ಮಾ, ಹಾಕೇ ಇದೀನಿ!"

ಅಂಗೈಯ ಕೆಳಗೆ ತಗಡು ಒಮ್ಮೆ ನಡುಗಿತು. ಮುಂದಿನ ಚಕ್ರದ ಅಡಿಯಿಂದ ಒಂದು ಹುಲ್ಲಿನ ಹೆಂಟೆ ಮೆಲ್ಲಗೆ ಮಗುಚಿತು. ವ್ಯಾನು, ಅದರೊಳಗಿನ ಪೆಟ್ಟಿಗೆಯನ್ನು ಹೊತ್ತುಕೊಂಡು, ಒಂದು ಗೇಣು ಮುಂದಕ್ಕೆ ಸರಿಯಿತು.