ಹಾಲು ಬಿಡಿಸುವ ಬೇರು

ಸೋಮವಾರದೊಳಗೆ ನಂದುವಿಗೆ ಹಾಲು ಬಿಡಿಸಲೇಬೇಕಿತ್ತು.

ನಂದಿತಾ ಎಂಬ ಆ ಎರಡು ವರ್ಷದ ಮಗು, ಮನೆಯವರ ಬಾಯಲ್ಲಿ ನಂದು, ಅನ್ನ ಸಾರು ತಿನ್ನುತ್ತಿದ್ದಳು. ಮುದ್ದೆಯ ಚೂರನ್ನು ಅಗಿಯದೆ ನುಂಗುವುದನ್ನೂ ಕಲಿತಿದ್ದಳು. ಕೊಟ್ಟರೆ ಕೋಳಿಸಾರಿನ ಮೂಳೆಯನ್ನೂ ಬಿಡದೆ ಚೀಪುತ್ತಿದ್ದಳು. ಆದರೆ ನಿದ್ದೆ ಬಂದಾಗ, ಬಿದ್ದಾಗ, ಬೇಜಾರಾದಾಗ, ಏನೂ ಆಗದೆ ಸುಮ್ಮನೆ ನೆನಪಾದಾಗಲೂ ಓಡಿಬಂದು ಅಮ್ಮನ ಸೆರಗಿನೊಳಗೆ ತಲೆ ತೂರಿಸಿ "ಚಾಚಿ" ಅನ್ನುತ್ತಿದ್ದಳು. ಅದು ಬೇಡುವ ದನಿಯಾಗಿರಲಿಲ್ಲ. ತನ್ನ ಸಾಮಾನನ್ನು ತಾನು ತೆಗೆದುಕೊಳ್ಳುವವಳ ದನಿಯಾಗಿತ್ತು.

ಅವಳ ತಾಯಿ ಸುಕನ್ಯ ನರ್ಸಿಂಗ್ ಓದಿದವಳು. ಸೋಮವಾರದಿಂದ ಮೈಸೂರಿನಲ್ಲಿ ಡಯಾಲಿಸಿಸ್ ತರಬೇತಿ. ಅಲ್ಲಿಯೇ ಹಾಸ್ಟೆಲಿನಲ್ಲಿ ಮೂರು ತಿಂಗಳು ಇರಬೇಕು, ಭಾನುವಾರ ಮಾತ್ರ ಕಂಪಲಾಪುರಕ್ಕೆ ಬಂದು ಹೋಗಬಹುದು. ತರಬೇತಿ ಮುಗಿದರೆ ಪಿರಿಯಾಪಟ್ಟಣದಲ್ಲೇ ಕೆಲಸ, ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಇಂಥದ್ದೊಂದಕ್ಕೆ ಅವಳು ಮದುವೆಯಾದಾಗಿನಿಂದ ಕಾದಿದ್ದಳು.

ಮಗು ಅಳುತ್ತದೆ ಎಂಬ ಹೆದರಿಕೆ ಅವಳಿಗಿರಲಿಲ್ಲ. ಅಳುವ ಮಕ್ಕಳನ್ನು ವಾರ್ಡುಗಳಲ್ಲಿ ಬೇಕಾದಷ್ಟು ನೋಡಿದ್ದಳು. ಅವಳ ಹೆದರಿಕೆಯೇ ಬೇರೆ. ಆ ಕಡೆ ಹಾಲು ಬಿಡಿಸುವುದೆಂದರೆ ಮೊಲೆಗೆ ಕಹಿ ಹಚ್ಚುವುದು. ಇಷ್ಟು ದಿನ ಸಿಹಿಯಾಗಿದ್ದ ಅಮ್ಮ ಇದ್ದಕ್ಕಿದ್ದಂತೆ ಕಹಿಯಾದಳು, ಆಮೇಲೆ ಮನೆ ಬಿಟ್ಟೂ ಹೋದಳು. ಮಗು ಈ ಎರಡನ್ನೂ ಕೂಡಿಸಿ ನೋಡಿದರೆ? ಇನ್ನೂ ನೆಟ್ಟಗೆ ಮಾತು ಬಾರದ ಮಗುವಿಗೆ ಸಮಾಧಾನ ಹೇಳುವುದಾದರೂ ಹೇಗೆ?

"ಏನೂ ಅಂದ್ಕಳಾಕಿಲ್ಲ ಬುಡವ್ವ," ಎಂದರು ಅತ್ತೆ ಕುಳ್ಳಮ್ಮ. ಹೆಸರು ಕುಳ್ಳಮ್ಮನಾದರೂ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಹೆಂಗಸು. "ನಿನ್ ಗಂಡಂಗೆ ಬೇವಿನ್ ಸೊಪ್ಪು ಅರ್ದು ಅಚ್ಚಿ ಬುಡ್ಸಿದ್ದೆ. ಈಗ ನನ್ ಮ್ಯಾಲೆ ಸಿಟ್ಟು ಮಡೀಕಂಡವ್ನಾ ಕೇಳು."

ಮಹೇಶ ಹೊಸ್ತಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತಿದ್ದ. "ಸಿಟ್ಟೇನಿಲ್ಲ ಕಣವ್ವ. ಆದ್ರೆ ಯುಗಾದಿ ದಿನ ಬೇವು ಬಾಯಿಗಿಟ್ರೆ ಇವತ್ತಿಗೂ ಕಣ್ಣಲ್ಲಿ ನೀರು ಬತ್ತದೆ."

"ನೋಡಿದ್ರಾ!" ಎಂದಳು ಸುಕನ್ಯ.

"ಅವ್ನು ಸುಳ್ಬುರುಕ. ಆದ್ರೂ ಇದು ಬೇವಿಗೆ ಬಗ್ಗೋ ಕೂಸಲ್ಲ. ಕಟ್ಕರೋಣಿನೇ ಆಗ್ಬೇಕು. ಆ ಬೇರಿನಂತ ಕಯ್ಯಿ ಭೂಮಿ ಮ್ಯಾಲೆ ಇನ್ನೊಂದಿಲ್ಲ."

ಕಟುಕರೋಹಿಣಿ ಆ ಮನೆಗೆ ಹೊಸದಲ್ಲ. ನಂದುವಿಗೆ ಎಣ್ಣೆನೀರು ಹಾಕುವ ದಿನ ಕುಳ್ಳಮ್ಮ ಸುತ್ತುಮದ್ದು ಕೊಡುತ್ತಿದ್ದರು. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಹಾಕಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಕಟುಕರೋಹಿಣಿ ಹೀಗೆ ಒಂದೊಂದನ್ನೂ ಒಂದೊಂದು ಸುತ್ತು ತೇದು, ಬೆರಳಲ್ಲಿ ಬಳಿದು ನಾಲಿಗೆಗೆ ಸವರುವ ಮದ್ದು. ಮಗು ಅನ್ನ ತಿನ್ನುವವರೆಗೂ ಅದನ್ನು ಮುಟ್ಟಿಸಕೂಡದೆಂದು ಸುಕನ್ಯ ಹಟ ಹಿಡಿದಿದ್ದಳು. ಕುಳ್ಳಮ್ಮ ಮುಖ ಊದಿಸಿಕೊಂಡೇ ಒಪ್ಪಿದ್ದರು. ಆಮೇಲೆ ಅದು ನೀರು ಹಾಕುವುದರ ಜೊತೆಗೇ ಸೇರಿಹೋಗಿತ್ತು. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಮದ್ದು, ನಿದ್ದೆ. ಯಾರೂ ಅದರ ಬಗ್ಗೆ ಬೇರೆಯಾಗಿ ಯೋಚಿಸುತ್ತಿರಲಿಲ್ಲ. ಈಗ ಡಬ್ಬಿಯಲ್ಲಿದ್ದ ತುಂಡು ತೇದು ತೇದು ಉಗುರಿನಷ್ಟಾಗಿತ್ತು. ಹೊಸದು ಬೇಕಿತ್ತು.

ಸುಕನ್ಯ ಹುಣಸೂರಿಗೆ ಹೋದಳು. ಸಂತೆಬೀದಿಯ ಗ್ರಂಥಿಗೆ ಅಂಗಡಿಯಲ್ಲಿ ಶಿವಣ್ಣ ಕೂತಿದ್ದರು, ಬೆನ್ನ ಹಿಂದೆ ಬೇರು ಚಕ್ಕೆಗಳ ನೂರೆಂಟು ಡಬ್ಬಿ.

"ಕಟುಕರೋಹಿಣಿಯಾ? ಯಾರ್ಗೆ ಕಾಮಾಲೆ?"

"ಯಾರಿಗೂ ಇಲ್ಲ." ಪಕ್ಕದಲ್ಲಿ ಗಂಡಸರಿದ್ದರು. ಸುಕನ್ಯ ಮಾತು ಹುಡುಕಿದಳು. "ಮಗುಗೆ ಒಂದು ಅಭ್ಯಾಸ ಬಿಡಿಸ್ಬೇಕಿತ್ತು."

"ಓ, ಅದಕ್ಕಾ! ಅದಕ್ಕೂ ಒಯ್ತಾರೆ ಬುಡಿ." ಶಿವಣ್ಣ ಕಾಲ ಬಳಿಯ ಮೂಟೆಗೆ ಕೈಹಾಕಿದರು. "ಈ ಮೂಟೆಗೆ ಎಂಥೆಂಥ ಗಿರಾಕಿ ಅಂತೀರಿ! ಪಂಡಿತರು ಬಂದ್ರೆ ಪಿತ್ತಕ್ಕೆ ಕಟುಕರೋಹಿಣಿ ಕೊಡಿ ಅಂತಾರೆ. ಹಕೀಮ್ ಸಾಬ್ರು ಲಿವರ್ರಿಗೆ ಕುಟ್ಕಿ ಕೊಡಿ ಅಂತಾರೆ. ಗೋಣಿಕೊಪ್ಪದ ಮಲಯಾಳಿಗಳು ಕಡುಕುರೋಹಿಣಿ ಅಂತಾರೆ, ಬೈಲಕುಪ್ಪೆ ಲಾಮಾಗಳು ಹೋಂಗ್ಲೆನ್ ಅಂತಾರೆ. ನಮ್ದೇ ಅಸಲಿ, ಅವರದು ಬೇರೆ ಅಂತ ಒಬ್ಬೊಬ್ರೂ ನನಗೆ ಪಾಠ ಬೇರೆ ಹೇಳ್ತಾರೆ. ನಾನು ಹೂಂ ಅಂದು ಇದೇ ಮೂಟೆಯಿಂದ ತೆಗ್ದು ಕೊಡ್ತೀನಿ."

ಕರಿಬಣ್ಣದ, ಸುಕ್ಕುಗಟ್ಟಿದ ಬೇರು. ಕಂಬಳಿಹುಳ ಒಣಗಿಸಿದಂತಿತ್ತು. ಸುಕನ್ಯ ಅದನ್ನು ತಿರುವಿ ತಿರುವಿ ನೋಡಿದಳು. "ಇದು ಹೊಟ್ಟೆಗೆ ಹೋದ್ರೆ ಮಗುಗೆ ಏನೂ ಆಗಲ್ವಾ?"

"ಒಸಿ ಹೋದ್ರೆ ಏನೂ ಇಲ್ಲ. ನೀವೇ ನೋಡಿ." ಶಿವಣ್ಣ ಒಂದು ಚೂರು ಮುರಿದು ಕೊಟ್ಟರು. "ಕಹಿ ಇಲ್ದಿದ್ರೆ ವಾಪಸ್ ಕೊಡಿ."

ಅವಳು ನಾಲಿಗೆಯ ಮೇಲಿಟ್ಟುಕೊಂಡಳು. ಮೊದಲು ಏನೂ ಇಲ್ಲ, ಮಣ್ಣಿನ ವಾಸನೆ ಅಷ್ಟೇ. ಆಮೇಲೆ ಕಹಿ ಬಂತು. ಬಂದದ್ದು ಹೋಗಲಿಲ್ಲ. ನೀರು ಕುಡಿದಳು, ನೀರೇ ಕಹಿಯಾಯಿತು. ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ತಿಂದಳು, ಅದೂ ಕಹಿ. ಬಸ್ಸು ಊರು ಮುಟ್ಟುವವರೆಗೂ ಅವಳು ನಾಲಿಗೆಯನ್ನು ಅಂಗುಳಕ್ಕೆ ತಿಕ್ಕುತ್ತ ಕೂತಿದ್ದಳು. ಇದನ್ನೇ ನನ್ನ ಮಗುವಿನ ಬಾಯಿಗೆ ಇಡುವುದು ಎಂದುಕೊಂಡಾಗ ಕಣ್ಣು ತುಂಬಿಬಂತು.

ಮರುದಿನ ಮಹೇಶ ತನ್ನ ಗೂಡ್ಸ್ ಆಟೋದಲ್ಲಿ ಬಿತ್ತನೆ ಶುಂಠಿ ಹಾಕಿಕೊಂಡು ಬೈಲಕುಪ್ಪೆಯ ಕಡೆ ಹೊರಟಿದ್ದ. ಸುಕನ್ಯಳೂ ಹತ್ತಿ ಕೂತಳು.

"ಎಲ್ಲಿಗೆ?"

"ಲಾಮಾಗಳೂ ಇದನ್ನ ಒಯ್ತಾರಂತೆ. ಅವರ ಡಾಕ್ಟರನ್ನೂ ಒಂದು ಮಾತು ಕೇಳ್ತೀನಿ."

"ಆಮೇಲೆ? ಹಕೀಮ್ರು ಮನೆಗೂ ಹೋಗವಾ?"

"ಅವರು ಎಲ್ಲಿರ್ತಾರೆ?" ಎಂದು ಸುಕನ್ಯ ನಿಜವಾಗಿಯೇ ಕೇಳಿದಳು. ಮಹೇಶ ನಗು ತಡೆದುಕೊಂಡು ಗೇರು ಹಾಕಿದ.

ಟಿಬೆಟನ್ ಔಷಧಾಲಯದ ಡಾಕ್ಟರು ಡೋಲ್ಮಾ. ಹುಟ್ಟಿ ಬೆಳೆದದ್ದೆಲ್ಲ ಬೈಲಕುಪ್ಪೆಯಲ್ಲೇ, ಕನ್ನಡವೂ ಈ ಕಡೆಯದೇ. ಬೇರನ್ನು ಮೂಸಿ, ಹಲ್ಲಿನಲ್ಲಿ ಕಚ್ಚಿ ತಲೆಯಾಡಿಸಿದರು. "ಹೋಂಗ್ಲೆನ್. ಒಳ್ಳೇದು ಕೊಟ್ಟವ್ರೆ. ರಕ್ತದ ಬಿಸಿ ಇಳಿಸೋಕೆ, ಪಿತ್ತಕ್ಕೆ, ಹಳೇ ಜ್ವರಕ್ಕೆ ಇದನ್ನ ಹಾಕ್ತೀವಿ."

"ನಮ್ಮ ಪಂಡಿತರೂ ಅದನ್ನೇ ಹೇಳೋದು."

"ಅವರು ನಮ್ಮಿಂದ ಕಲ್ತಿರ್ಬೇಕು," ಎಂದು ಡೋಲ್ಮಾ ಕಣ್ಣು ಮಿಟುಕಿಸಿದರು. "ಇಲ್ಲಾ ನಾವು ಅವರಿಂದ. ನಿಮಗೆ ಏನಾಗಿದೆ?"

ಸುಕನ್ಯ ಹೇಳಿದಳು. ಡಾಕ್ಟರು ಗಂಭೀರವಾಗಿಯೇ ಕೇಳಿಸಿಕೊಂಡರು. "ಔಷಧಿ ಅಂತ ಕೊಡೋದಾದ್ರೆ ನಾಡಿ ನೋಡದೆ ಕೊಡಲ್ಲ. ಜಾಸ್ತಿ ಆದ್ರೆ ಭೇದಿ ಆಗುತ್ತೆ. ನಾಲಿಗೆಗೆ ಸೋಕೋಷ್ಟು ತೆಳ್ಳಗೆ ಹಚ್ಚೋದಕ್ಕೆ ಭಯ ಬೇಡ." ಆಮೇಲೆ ನಕ್ಕರು. "ನನಗೆ ನಮ್ಮಮ್ಮ ಮೆಣಸಿನಕಾಯಿ ಹಚ್ಚಿದ್ರಂತೆ. ನಾನು ಈಗ ಚಟ್ನಿ ಇಲ್ದೆ ಊಟಾನೇ ಮಾಡಲ್ಲ."

ಸುಕನ್ಯಳೂ ನಕ್ಕಳು. ಆ ಮಾತಿನಲ್ಲೊಂದು ಎಚ್ಚರಿಕೆ ಇತ್ತೆಂದು ಅವಳಿಗೆ ಹೊಳೆಯಲಿಲ್ಲ. ಭೇದಿಯಾದರೆ ಏನು ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಮತ್ತೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಬಂದಳು.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಕುಳ್ಳಮ್ಮ ಬೇರು ತೇದರು. ಸುಕನ್ಯ ಅದನ್ನು ತೆಳ್ಳಗೆ ಹಚ್ಚಿಕೊಂಡು ಚಾಪೆಯ ಮೇಲೆ ಗೋಡೆಗೊರಗಿ ಕೂತಳು. ಅತ್ತೆ ಅಡುಗೆಮನೆಯ ಬಾಗಿಲ ಸಂದಿನಲ್ಲಿ. ಮಹೇಶ ಕಿಟಕಿಯಾಚೆ ನಿಂತು ಆಟೋದ ಚಕ್ರ ನೋಡುವವನಂತೆ ಮನೆಯೊಳಗೆ ನೋಡುತ್ತಿದ್ದ.

ನಂದು ಅಂಗಳದಿಂದ ಬಂದಳು. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಮಣ್ಣು. "ಚಾಚಿ," ಎಂದು ಸೆರಗು ಸರಿಸಿ ಬಾಯಿಟ್ಟಳು.

ತಟ್ಟನೆ ನಿಂತಳು.

ಸುಕನ್ಯ ಮಗುವಿನ ಹುಬ್ಬುಗಳನ್ನೇ ನೋಡಿದಳು. ಹುಬ್ಬು ಗಂಟಿಕ್ಕಿದವು. ನಂದು ತಲೆ ಹಿಂದೆ ತೆಗೆದು ತುಟಿ ಚಪ್ಪರಿಸಿದಳು. ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಗಂಟು ಬಿಚ್ಚಿತು. ಮತ್ತೆ ಬಗ್ಗಿ, ಪಾಯಸದ ಬಟ್ಟಲು ನೆಕ್ಕುವ ಹಾಗೆ, ಹಚ್ಚಿದ್ದನ್ನೆಲ್ಲ ಸಾವಕಾಶವಾಗಿ ನೆಕ್ಕಿದಳು. ಎದ್ದಳು. ನೆಟ್ಟಗೆ ಬಾಗಿಲ ಸಂದಿಗೆ ನಡೆದು, ಅಜ್ಜಿಯ ಸೀರೆ ಜಗ್ಗಿ ಕೂರಿಸಿ, ತೊಡೆಯೇರಿ ಬಾಯಿ ಅಗಲಿಸಿದಳು.

"ಏನೇ?" ಎಂದರು ಕುಳ್ಳಮ್ಮ ಗಾಬರಿಯಿಂದ.

"ಬೆಲ್ಲ."

ಕಿಟಕಿಯಾಚೆ ಮಹೇಶ ನಗು ತಾಳದೆ ಹೊಟ್ಟೆ ಹಿಡಿದುಕೊಂಡು ಆಟೋಗೆ ಒರಗಿದ.

"ಅಯ್ಯೋ ನನ್ ಬುದ್ದಿಗಿಷ್ಟು!" ಕುಳ್ಳಮ್ಮ ಹಣೆ ಬಡಿದುಕೊಂಡರು. "ನೀರ್ ಹಾಕ್ದಾಗೆಲ್ಲ ನೆಕ್ಕಿಸ್ದೋಳು ನಾನೇ ಅಲ್ವಾ! ನೆಕ್ಕಿಸಿ ನೆಕ್ಕಿಸಿ ಒಂದ್ ಚೂರು ಬೆಲ್ಲ ಬಾಯಿಗಿಡ್ತಿದ್ನಲ್ಲ!"

ಅದೇ ಆಗಿತ್ತು. ಬೇರಿನ ಗುಣವನ್ನು ಸುಕನ್ಯ ಊರೂರಲ್ಲಿ ವಿಚಾರಿಸಿದ್ದಳು. ಅದನ್ನು ಹಚ್ಚಬೇಕಾದ ಮಗು ಯಾವ ರುಚಿಯಲ್ಲಿ ಬೆಳೆದಿದೆ ಎಂಬುದನ್ನು ಯಾರನ್ನೂ ಕೇಳಿರಲಿಲ್ಲ, ತನ್ನನ್ನೂ ಕೇಳಿಕೊಂಡಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಕಹಿ ಎಂದರೆ ಕಹಿ. ಈ ಮಗುವಿಗೆ ಕಹಿ ಎಂದರೆ ಬಿಸಿನೀರು, ಸಾಂಬ್ರಾಣಿ, ಅಜ್ಜಿಯ ತೊಡೆ, ಇನ್ನೇನು ಬರಲಿರುವ ಬೆಲ್ಲ.

"ಆಯ್ತು, ಇನ್ನೇನು ಮಾಡೋದು," ಎಂದಳು ಸುಕನ್ಯ. "ಮುಂದಿನ ಸಲ ಕರೆದಾಗ ಹೋಗ್ತೀನಿ. ಫೋನು ಮಾಡಿ ಹೇಳ್ಬಿಡ್ತೀನಿ."

"ತಡಿಯವ್ವ ಒಸಿ. ಬೆಲ್ಲನಾರ ಕೊಡ್ತೀನಿ, ಕೂಸು ಬಾಯ್ ಬುಟ್ಕಂಡು ಕೂತದೆ."

ಬೆಲ್ಲ ಬಾಯಿಗೆ ಬಿತ್ತು. ನಂದು ಅದನ್ನು ಕೆನ್ನೆಯೊಳಗೆ ಒತ್ತರಿಸಿಕೊಂಡು ಅಜ್ಜಿಯ ಉದ್ದನೆಯ ತೊಡೆಯ ಮೇಲೆ ತಲೆಯಿಟ್ಟಳು. ಕುಳ್ಳಮ್ಮ ಅಭ್ಯಾಸಬಲದಿಂದ ಬೆನ್ನು ತಟ್ಟಿದರು. ಎಲ್ಲವನ್ನೂ ನೋಡುತ್ತಲೇ ಇರುವುದು ಸುಕನ್ಯಳ ಸ್ವಭಾವ. ಫೋನು ಕೈಗೆತ್ತಿಕೊಂಡಿದ್ದವಳು ಇದನ್ನೂ ನೋಡಿದಳು. ಮಗುವಿನ ಕಣ್ಣು ಮುಚ್ಚುತ್ತಿದ್ದವು. ನಿದ್ದೆಗೆಂದು ಬಂದ ಮಗು ಹಾಲಿಲ್ಲದೆ ನಿದ್ದೆ ಹೋಗುತ್ತಿತ್ತು.

"ಅತ್ತೆ," ಎಂದು ಪಿಸುಗುಟ್ಟಿದಳು. "ಅಲುಗಾಡಬೇಡಿ."

"ಯಾಕೆ?"

"ಮಲಗ್ಬಿಟ್ಳು."

ಕುಳ್ಳಮ್ಮ ಬಗ್ಗಿ ನೋಡಿದರು. ಸೊಸೆಯ ಮುಖ ನೋಡಿದರು. "ಇದೆಂಗಾಯ್ತು?"

"ಕಹಿ ಆದ್ಮೇಲೆ ನಿಮ್ಮ ತೊಡೆ ಅಂತ ಅವಳಿಗೆ ಗೊತ್ತು. ನೀವೇ ಕಲಿಸಿದ್ದು." ಸುಕನ್ಯ ಫೋನನ್ನು ಚಾಪೆಯ ಮೇಲಿಟ್ಟಳು. ಮಗು ದೂರವಾಗಲೆಂದು ಹಚ್ಚಿದ ಬೇರು ಮಗುವಿಗೆ ಅಜ್ಜಿಯ ಹತ್ತಿರ ಹೋಗುವ ದಾರಿ ತೋರಿಸಿತ್ತು.

ಸಂಜೆಯೂ ಹಾಗೆಯೇ ಆಯಿತು. ಬಂದಳು, ನೆಕ್ಕಿದಳು, ಅಜ್ಜಿಯ ಕಡೆ ನಡೆದಳು. ಶನಿವಾರ ನೆಕ್ಕುವುದಕ್ಕೂ ಪುರುಸೊತ್ತಿಲ್ಲದವಳಂತೆ ಅಮ್ಮನ ಎದೆಯನ್ನು ಅಂಗೈಯಲ್ಲಿ ತಟ್ಟಿ, "ಕಯ್ಯಿ," ಎಂದು ತಾನೇ ಹೇಳಿ, ಬೆಲ್ಲದ ಡಬ್ಬಿಯಿದ್ದ ಕಡೆ ಹೋದಳು. ಬೆಳಗಿನ ಜಾವ ಒಂದಿಷ್ಟು ರಂಪ ಮಾಡಿದಳು, ಇಲ್ಲವೆಂದಲ್ಲ. ಕುಳ್ಳಮ್ಮ ಎತ್ತಿಕೊಂಡು ಹೋಗಿ ಹಟ್ಟಿಯ ಕರುವನ್ನು ತೋರಿಸಿ ಸುಮ್ಮನಾಗಿಸಿದರು.

ಸುಮ್ಮನಾಗದಿದ್ದದ್ದು ಸುಕನ್ಯಳ ಎದೆ. ಹಾಲು ಕಟ್ಟಿ ಕಲ್ಲಾಗಿತ್ತು. ಭಾನುವಾರ ಕುಳ್ಳಮ್ಮ ಬಿಡಿ ಮಲ್ಲಿಗೆ ತರಿಸಿ, ಮೆತ್ತನೆಯ ಬಟ್ಟೆಯಲ್ಲಿ ಹರವಿ, ಸೊಸೆಯ ಎದೆಗೆ ತಾವೇ ಕಟ್ಟಿದರು. ಹಾಲು ಬತ್ತಲು ಮಲ್ಲಿಗೆ ಕಟ್ಟುವುದೂ ಆ ಕಡೆಯ ರೂಢಿ. ಸುಕನ್ಯ ಅದರ ಬಗ್ಗೆ ಯಾರನ್ನೂ ವಿಚಾರಿಸಲು ಹೋಗಲಿಲ್ಲ. ತಣ್ಣಗಿತ್ತು, ಹಿತವಾಗಿತ್ತು, ಅಷ್ಟು ಸಾಕೆನಿಸಿತು. ಮೂರು ದಿನದಿಂದ ಮಡಿಲು ಖಾಲಿಯಾಗಿದ್ದುದಕ್ಕೆ ಒಂದಿಷ್ಟು ಅತ್ತಳು. ಅತ್ತೆ ಬೇಡವೆನ್ನಲಿಲ್ಲ, ಗಂಟು ಬಿಗಿ ಮಾಡುತ್ತ ನಿಂತರು.

ಆಗ ನಂದು ಬಂದಳು. ಅಮ್ಮನ ಒದ್ದೆ ಮುಖವನ್ನು ನೋಡಿದಳು. ಎದೆಯ ಬಟ್ಟೆಯನ್ನು ಮುಟ್ಟಿದಳು. "ಕಯ್ಯಿ?" ಎಂದು ಕೇಳಿದಳು.

"ಹೂಂ, ಕಹಿ," ಎಂದಳು ಸುಕನ್ಯ. ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೋ ಅದು ಈಗ ಎದುರಿಗೇ ನಿಂತಿತ್ತು.

ನಂದು ಯೋಚಿಸಿದಳು. ಬಾಯೊಳಗೆ ಎರಡು ಬೆರಳು ಹಾಕಿ, ಅರ್ಧ ಚೀಪಿದ್ದ ಬೆಲ್ಲದ ಚೂರನ್ನು ಹೊರತೆಗೆದು ಅಮ್ಮನ ತುಟಿಗೆ ಒತ್ತಿದಳು. ಕಹಿಯಾದವರಿಗೆ ಬೆಲ್ಲ ಕೊಡಬೇಕು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮಹೇಶ ಚೀಲ ಹಿಡಿದಿದ್ದ, ಕುಳ್ಳಮ್ಮನ ಸೊಂಟದ ಮೇಲೆ ನಂದು ಇದ್ದಳು. ಬಸ್ಸು ಬಂತು. ಸುಕನ್ಯ ಹತ್ತಿ ಕಿಟಕಿಯ ಬಳಿ ಕೂತಾಗ ಅತ್ತೆ ಮಗುವನ್ನು ಮೇಲೆತ್ತಿ ಹಿಡಿದರು. ಎತ್ತರದ ಹೆಂಗಸಾದ್ದರಿಂದ ಮಗುವಿನ ಕೈ ಕಿಟಕಿಗೆ ಸಲೀಸಾಗಿ ಎಟುಕಿತು. ಮುಷ್ಟಿ ಬಿಚ್ಚಿದರೆ ಕರಗಿ ಅಂಟಿದ ಬೆಲ್ಲ, ಅದರ ಮೇಲೊಂದು ಇರುವೆ.

"ತಿನ್ಬೇಡ, ಬಿಸಾಕು, ಕೊಳೆ ಆಗದೆ," ಎಂದ ಮಹೇಶ.

ಸುಕನ್ಯ ಇರುವೆಯನ್ನು ಊದಿ ಹಾರಿಸಿ ಬೆಲ್ಲವನ್ನು ಬಾಯಿಗಿಟ್ಟುಕೊಂಡಳು. ನಂದು ಖುಷಿಯಿಂದ ಅಜ್ಜಿಯ ತಲೆ ಬಡಿದಳು. ಬಸ್ಸು ಹೊರಟಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ಮೂಗರಳಿಸಿದಳು. "ಘಮ್ ಅಂತ ಮಲ್ಲಿಗೆ ವಾಸ್ನೆ ಬತ್ತಾದಲ್ಲ ಕಣವ್ವ. ನೀನು ನೋಡಿದ್ರೆ ಹೂವೇ ಮುಡಿದಿಲ್ಲ?"

ಬಾಯಲ್ಲಿ ಬೆಲ್ಲವಿತ್ತು. ಸುಕನ್ಯ ಸೆರಗನ್ನು ಎದೆಯ ಮೇಲೆ ಸರಿಮಾಡಿಕೊಂಡು ನಕ್ಕಳು.